18 ಮಿ.ಮೀ. ಝೋನ್ ಬಂದರೆ ಸಸ್ಯಸಾರ ಗೆದ್ದಂತೆಯೇ?

ಪ್ರಶ್ನೆ: ನಾನು ಸೂಕ್ಷ್ಮಜೀವಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಒಂದು ಔಷಧೀಯ ಸಸ್ಯದ ಎಲೆಯಿಂದ ಮೆಥನಾಲ್ ಸಾರ ತೆಗೆದು, ಮಿಲಿಲೀಟರಿಗೆ 100 ಮಿ.ಗ್ರಾಂ. ಲೆಕ್ಕದಲ್ಲಿ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ, ಸೂಕ್ಷ್ಮಜೀವಿ ಹಚ್ಚಿದ ಅಗರ್ (ಪೋಷಕಾಂಶವಿರುವ ಜೆಲ್ಲಿ) ತಟ್ಟೆಯಲ್ಲಿ ಕೊರೆದ ಪ್ರತಿ ವೆಲ್‌ಗೆ, ಅಂದರೆ ಕುಳಿಗೆ, 100 ಮೈಕ್ರೊಲೀಟರ್ ಹಾಕಿ ಪರೀಕ್ಷಿಸಿದೆ. ಸ್ಟೆಫೈಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ಮೇಲೆ ಮೊದಲ ಸಲ 18 ಮಿ.ಮೀ. ಝೋನ್ (ವೆಲ್ ಸುತ್ತ ಬೆಳವಣಿಗೆ ಇಲ್ಲದ ವೃತ್ತ) ಬಂತು, ಮುಂದಿನ ವಾರ 13. ಇ. ಕೋಲಿ ಮೇಲೆ ಏನೂ ಬರಲಿಲ್ಲ. ಶಿಲೀಂಧ್ರಗಳ ಪೈಕಿ ಕ್ಯಾಂಡಿಡಾ ತಟ್ಟೆಯಲ್ಲಿ ಅಂಚೇ ಇಲ್ಲದ ಮಸುಕು ಝೋನ್, ಆಸ್ಪರ್ಜಿಲಸ್‌ನದು ಅಳೆಯಲಾಗದ ಸ್ಥಿತಿ. ಅದೇ ಆರಿಯಸ್ ತಟ್ಟೆಯಲ್ಲಿದ್ದ ಸಿಪ್ರೊಫ್ಲಾಕ್ಸಸಿನ್ ಡಿಸ್ಕ್ (ಆ್ಯಂಟಿಬಯೋಟಿಕ್ ಹೀರಿದ ಕಾಗದದ ಬಿಲ್ಲೆ) 26 ಮಿ.ಮೀ. ಕೊಟ್ಟಿತು. ಹಾಗಾದರೆ ನನ್ನ ಸಾರಕ್ಕೆ ಆ್ಯಂಟಿಬಯೋಟಿಕ್‌ನ ಶೇ 69ರಷ್ಟು ಶಕ್ತಿ ಇದೆ ಎಂದು ಬರೆಯಬಹುದೇ?

ಉತ್ತರ: ಬರೆಯಬೇಡಿ. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಮಿಲಿಲೀಟರಿಗೆ 100 ಮಿ.ಗ್ರಾಂ. ಇರುವ ದ್ರಾವಣದ 100 ಮೈಕ್ರೊಲೀಟರ್ ಎಂದರೆ 10 ಮಿ.ಗ್ರಾಂ. ಸಾರ. ಪಕ್ಕದ ಡಿಸ್ಕ್‌ನಲ್ಲಿದ್ದ ಸಿಪ್ರೊಫ್ಲಾಕ್ಸಸಿನ್ 5 ಮೈಕ್ರೊಗ್ರಾಂ. ನೀವು ಎರಡು ಸಾವಿರ ಪಟ್ಟು ಹೆಚ್ಚು ಸುರಿದು ಎಂಟು ಮಿ.ಮೀ. ಹಿಂದೆ ಬಿದ್ದಿದ್ದೀರಿ. ಶೇ 69 ಎಂಬ ಅಂಕಿಗೆ ಯಾವ ಅರ್ಥವೂ ಇಲ್ಲ. ಆ ಡಿಸ್ಕ್ ಇರುವುದು ಸಾರದ ಜೊತೆ ಸ್ಪರ್ಧೆಗಲ್ಲ, ನಿಮ್ಮ ತಟ್ಟೆಯ ತಪಾಸಣೆಗೆ. ಸ್ಟೆಫೈಲೊಕಾಕಸ್ ಆರಿಯಸ್ ಎಟಿಸಿಸಿ 25923 ಎಂಬ ಪ್ರಮಾಣಿತ ತಳಿಗೆ 5 ಮೈಕ್ರೊಗ್ರಾಂ ಸಿಪ್ರೊಫ್ಲಾಕ್ಸಸಿನ್ ಡಿಸ್ಕ್ 22ರಿಂದ 30 ಮಿ.ಮೀ. ಒಳಗೆ ಬರಬೇಕು. ನೀವು ಬಳಸಿದ್ದು ಅದೇ ತಳಿಯಾದರೆ 26 ಎಂದರೆ ಅಗರ್, ಬ್ಯಾಕ್ಟೀರಿಯಾದ ಪ್ರಮಾಣ, ಉಷ್ಣತೆ ಮೂರೂ ಸರಿಯಿದ್ದವು ಎಂದಷ್ಟೇ ತಿಳಿಯಬೇಕು.

ಝೋನ್ ಎಂಬುದು ಒಂದು ಓಟದ ಫಲ. ವೆಲ್‌ನಿಂದ ಹೊರಟ ಅಣುಗಳು ಅಗರ್ ಒಳಗೆ ಹರಡುತ್ತಾ ಹೋಗುತ್ತವೆ, ಅತ್ತ ಬ್ಯಾಕ್ಟೀರಿಯಾ ಬೆಳೆಯುತ್ತಾ ಬರುತ್ತದೆ. ಬೆಳವಣಿಗೆ ದಟ್ಟವಾಗುವ ಹೊತ್ತಿಗೆ ಸಾಕಷ್ಟು ಸಾಂದ್ರತೆಯ ಅಣುಗಳು ಎಲ್ಲಿಯವರೆಗೆ ತಲುಪಿದ್ದವೋ ಅಲ್ಲಿ ಅಂಚು ಮೂಡುತ್ತದೆ. ಹಾಗಾಗಿ ಸಣ್ಣದಾದ, ನೀರಿನಲ್ಲಿ ಕರಗುವ, ದುರ್ಬಲ ಅಣುವೊಂದು ದೊಡ್ಡ ಝೋನ್ ಕೊಡಬಹುದು; ಅದಕ್ಕಿಂತ ಪ್ರಬಲವಾದ, ಆದರೆ ಎಣ್ಣೆಯಂಥ ಟರ್ಪೀನ್ ಅಣು ವೆಲ್‌ನ ಗೋಡೆಯಲ್ಲೇ ಅಂಟಿಕೊಂಡು ಏನೂ ತೋರಿಸದೆ ಇರಬಹುದು. ಟ್ಯಾನಿನ್ ಹೆಚ್ಚಿರುವ ಸಾರಗಳ ದೊಡ್ಡ ಅಣುಗಳೂ ಹೀಗೆಯೇ ಹಿಂದೆ ಉಳಿಯುತ್ತವೆ. ಎರಡು ಬೇರೆ ಸಸ್ಯಗಳ ಝೋನ್‌ಗಳನ್ನು ಅಕ್ಕಪಕ್ಕ ಇಟ್ಟು ಇದು ಮೇಲು, ಅದು ಕೀಳು ಎನ್ನಲಾಗದು. ಅಗರ್ ವೆಲ್ ಕೇಳುವ ಪ್ರಶ್ನೆ ಒಂದೇ: ಇಲ್ಲಿ ಏನಾದರೂ ಇದೆಯೇ? ಎಷ್ಟಿದೆ ಎಂಬುದಕ್ಕೆ ಬ್ರಾತ್ ಮೈಕ್ರೊಡೈಲ್ಯೂಷನ್ (ಬ್ರಾತ್ ಎಂಬ ದ್ರವ ಮಾಧ್ಯಮದಲ್ಲಿ ಸಾರವನ್ನು ಹಂತ ಹಂತವಾಗಿ ತೆಳು ಮಾಡುವ ಪರೀಕ್ಷೆ) ಮಾಡಿ, ಬೆಳವಣಿಗೆ ನಿಲ್ಲಿಸುವ ಕನಿಷ್ಠ ಸಾಂದ್ರತೆಯನ್ನು, ಅಂದರೆ ಎಂಐಸಿಯನ್ನು ಕಂಡುಹಿಡಿಯಬೇಕು.

ಅದಕ್ಕೆ ಮೊದಲು, 18 ಹೇಗೆ 13 ಆಯಿತು ಎಂದು ನೋಡೋಣ. ಡಿಸ್ಕ್ ಎರಡೂ ವಾರ ಸರಿಯಾದ ಅಂಕಿ ಕೊಟ್ಟಿದ್ದರೆ ತಪ್ಪು ತಟ್ಟೆಯಲ್ಲಿಲ್ಲ, ಸಾರದಲ್ಲೋ ವೆಲ್‌ನಲ್ಲೋ ಇದೆ. ಡಿಸ್ಕ್ ಕೂಡ ಕುಸಿದಿದ್ದರೆ ಮೊದಲು ಅಗರ್‌ನ ದಪ್ಪ ಅಳೆಯಿರಿ. ಈ ಪರೀಕ್ಷೆಗೆ ಬಳಸುವ ಮುಲ್ಲರ್ ಹಿಂಟನ್ ಅಗರ್ 4 ಮಿ.ಮೀ. ದಪ್ಪ ಇರಬೇಕು. 90 ಮಿ.ಮೀ. ತಟ್ಟೆಗೆ ಸುಮಾರು 25 ಮಿ.ಲೀ. ಹಿಡಿಯುತ್ತದೆ. ಕಣ್ಣಂದಾಜಿನಲ್ಲಿ ಸುರಿದರೆ 3 ಮಿ.ಮೀ. ತಟ್ಟೆಯೂ ಸಿಗುತ್ತದೆ, 5ರದ್ದೂ ಸಿಗುತ್ತದೆ. ತೆಳುವಾದಷ್ಟೂ ಝೋನ್ ಹಿಗ್ಗುತ್ತದೆ. ವೆಲ್ ವಿಧಾನಕ್ಕೆ ಇನ್ನೊಂದು ತೊಡಕೂ ಇದೆ. 6 ಮಿ.ಮೀ. ಅಗಲ, 4 ಮಿ.ಮೀ. ಆಳದ ವೆಲ್ ಹಿಡಿಯುವುದೇ ಸುಮಾರು 113 ಮೈಕ್ರೊಲೀಟರ್. ನೀವು ಹಾಕಿದ 100 ಬಹುತೇಕ ಅಂಚಿನವರೆಗೆ ಬಂದಿರುತ್ತದೆ. ಅಗರ್ ಒಂದಿಷ್ಟು ತೆಳುವಾಗಿದ್ದರೆ ಸಾರ ಉಕ್ಕಿ ಮೇಲ್ಮೈಯಲ್ಲಿ ಹರಿದಿರುತ್ತದೆ, ಆ ಒದ್ದೆ ವೃತ್ತವನ್ನೇ ನೀವು ಝೋನ್ ಎಂದು ಅಳೆದಿರಬಹುದು. 50 ಮೈಕ್ರೊಲೀಟರ್‌ಗೆ ಇಳಿಸಿ. ವೆಲ್ ಕೊರೆದು ಅಗರ್ ಬಿಲ್ಲೆಯನ್ನು ಎತ್ತುವಾಗ ಸುತ್ತಲಿನ ಅಗರ್ ತಟ್ಟೆಯ ತಳದಿಂದ ಬಿಟ್ಟುಕೊಂಡರೆ ಸಾರ ಅಡಿಯಲ್ಲಿ ನುಸುಳುತ್ತದೆ; ಅಂಥ ಝೋನ್ ಒಂದು ಕಡೆಗೆ ಮಾತ್ರ ಉಬ್ಬಿರುತ್ತದೆ. ಒಂದು ಹನಿ ಕರಗಿದ ಅಗರ್ ಹಾಕಿ ತಳವನ್ನು ಮುಚ್ಚಿದರೆ ಇದು ತಪ್ಪುತ್ತದೆ.

ಬ್ಯಾಕ್ಟೀರಿಯಾದ ಪ್ರಮಾಣ ಕದಡಿಕೆಯ ಮಾನಕವಾದ 0.5 ಮ್ಯಾಕ್‌ಫರ್ಲ್ಯಾಂಡ್‌ಗೆ ಹೊಂದಬೇಕು, ಅಂದರೆ ಮಿಲಿಲೀಟರಿಗೆ ಸುಮಾರು 10 ಕೋಟಿ ಜೀವಕೋಶ. 625 ನ್ಯಾನೊಮೀಟರ್ ಬೆಳಕಿನಲ್ಲಿ ಹೀರಿಕೆಯನ್ನು ಓದಿದರೆ 0.08ರಿಂದ 0.13. ಮಾನಕವನ್ನು ನೀವೇ ಮಾಡಿಕೊಳ್ಳಬಹುದು: ಶೇ 1.175ರ ಬೇರಿಯಂ ಕ್ಲೋರೈಡ್ ಡೈಹೈಡ್ರೇಟ್ ದ್ರಾವಣ 0.5 ಮಿ.ಲೀ., ಶೇ 1ರ ಗಂಧಕಾಮ್ಲ 99.5 ಮಿ.ಲೀ. ಬಳಸುವ ಮುನ್ನ ಪ್ರತಿ ಸಲ ಚೆನ್ನಾಗಿ ಅಲುಗಾಡಿಸಬೇಕು, ಇಲ್ಲವಾದರೆ ಬೇರಿಯಂ ಸಲ್ಫೇಟ್ ತಳದಲ್ಲೇ ಕೂತಿರುತ್ತದೆ. ಹದ ಮಾಡಿದ ಬ್ಯಾಕ್ಟೀರಿಯಾ ದ್ರಾವಣವನ್ನು 15 ನಿಮಿಷದೊಳಗೆ ತಟ್ಟೆಗೆ ಹಚ್ಚಿ. ಮೂರು ದಿಕ್ಕಿನಲ್ಲಿ, ಪ್ರತಿ ಸಲ ತಟ್ಟೆಯನ್ನು 60 ಡಿಗ್ರಿ ತಿರುಗಿಸಿ ಸ್ವಾಬ್ ಎಳೆಯಿರಿ. ಸಾರ ಹರಡಲೆಂದು ಕೆಲವರು ತಟ್ಟೆಯನ್ನು ಒಂದೆರಡು ಗಂಟೆ ಫ್ರಿಜ್‌ನಲ್ಲಿಡುತ್ತಾರೆ. ಇಡಿ, ಬಿಡಿ, ಆದರೆ ಒಂದು ವಾರ ಇಟ್ಟು ಇನ್ನೊಂದು ವಾರ ಬಿಟ್ಟರೆ 5 ಮಿ.ಮೀ. ವ್ಯತ್ಯಾಸಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ನನ್ನ ಅನುಮಾನ ಹೆಚ್ಚಾಗಿ ಸಾರದ ಮೇಲೆಯೇ. ಎರಡು ಕಡೆ ಎಡವುವುದು ಸಾಮಾನ್ಯ. ಮೊದಲನೆಯದು, ಉಳಿದುಹೋದ ಮೆಥನಾಲ್. ರೋಟರಿ ಇವಾಪರೇಟರ್‌ನಿಂದ ತೆಗೆದ ಸಾರ ಜೇನಿನಂತೆ ಅಂಟಂಟಾಗಿದ್ದರೆ ಅದರಲ್ಲಿ ದ್ರಾವಕ ಇನ್ನೂ ಇದೆ. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ತೂಕವನ್ನೂ ಸುಳ್ಳು ಮಾಡುತ್ತದೆ. ಡೆಸಿಕೇಟರ್‌ನಲ್ಲಿಟ್ಟು ದಿನಕ್ಕೊಮ್ಮೆ ತೂಗಿ. ಎರಡು ಸಲ ಒಂದೇ ತೂಕ ಬಂದಮೇಲೆ ಮಾತ್ರ ಒಣಗಿದೆ ಎನ್ನಿ. ಮೊದಲ ವಾರ ಮೆಥನಾಲ್ ಇದ್ದ ಸಾರ, ಎರಡನೇ ವಾರಕ್ಕೆ ಅದು ಆರಿಹೋದ ಸಾರ: 18 ಮತ್ತು 13ರ ಹಿಂದೆ ಈ ಕಥೆ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ. ಎರಡನೆಯದು, ದಾಸ್ತಾನು. ಕರಗಿಸಿದ ಸಾರವನ್ನು ಕೋಣೆಯ ಬೆಳಕಿನಲ್ಲಿ ವಾರಗಟ್ಟಲೆ ಇಟ್ಟರೆ ಫೀನಾಲ್‌ಗಳು ಆಕ್ಸಿಡೀಕರಣಗೊಂಡು ಕಂದುಗಟ್ಟುತ್ತವೆ. ಒಣ ಸಾರವನ್ನು ಕಂದು ಬಾಟಲಿಯಲ್ಲಿ, ಮೈನಸ್ 20 ಡಿಗ್ರಿಯಲ್ಲಿಟ್ಟು, ಬೇಕಾದಷ್ಟನ್ನು ಮಾತ್ರ ಅಂದೇ ಕರಗಿಸಿ. ಕರಗಿಸಿದ್ದನ್ನು ಇಡಲೇಬೇಕಾದರೆ ಒಂದೊಂದು ಬಳಕೆಗೆ ಸಾಕಾಗುವಂತೆ ಸಣ್ಣ ಸಣ್ಣ ಪಾಲು ಮಾಡಿ. ಹೆಪ್ಪುಗಟ್ಟಿಸಿ ಕರಗಿಸಿ ಮತ್ತೆ ಹೆಪ್ಪುಗಟ್ಟಿಸುವುದು ಬೇಡ.

ಸಾರ ತೆಗೆಯುವ ಕ್ರಮ ಚುಟುಕಾಗಿ: ಎಲೆಯನ್ನು ನೆರಳಿನಲ್ಲಿ, 40 ಡಿಗ್ರಿ ಮೀರದಂತೆ, ಗಾಳಿಯಾಡುವ ಹಾಗೆ ತೆಳ್ಳಗೆ ಹರಡಿ ಒಣಗಿಸಿ. ರಾಶಿ ಹಾಕಿದರೆ ನಡುವಿನ ಎಲೆಗೆ ಬೂಷ್ಟು ಹಿಡಿಯುತ್ತದೆ, ಆಮೇಲೆ ನೀವು ಪರೀಕ್ಷಿಸುವುದು ಎಲೆಯ ಜೊತೆಗೆ ಬೂಷ್ಟಿನ ಸಾರವನ್ನೂ. ಪುಡಿ 25 ಗ್ರಾಂ, ಮೆಥನಾಲ್ 250 ಮಿ.ಲೀ., ಶೇಕರ್‌ನಲ್ಲಿ 48 ಗಂಟೆ, ಶೋಧನೆ, ಉಳಿದ ಚರಟಕ್ಕೆ ಹೊಸ ಮೆಥನಾಲ್ ಹಾಕಿ ಇನ್ನೊಮ್ಮೆ. ಎರಡನ್ನೂ ಕೂಡಿಸಿ 40 ಡಿಗ್ರಿ ದಾಟದಂತೆ ನಿರ್ವಾತದಲ್ಲಿ ಆರಿಸಿ. 25 ಗ್ರಾಂ ಪುಡಿಗೆ 3 ಗ್ರಾಂ ಒಣ ಸಾರ ಸಿಕ್ಕರೆ ಇಳುವರಿ ಶೇ 12; ಈ ಅಂಕಿ ವರದಿಯಲ್ಲಿ ಇರಲೇಬೇಕು. ಎಲೆಯ ಸಾರ ತೀರಾ ಹಸಿರಾಗಿ, ಮೇಣದಂತಿದ್ದರೆ ಮೆಥನಾಲ್‌ಗೆ ಮೊದಲು ಒಮ್ಮೆ ಹೆಕ್ಸೇನ್‌ನಲ್ಲಿ ತೊಳೆದು ಮೇಣವನ್ನೂ ಒಂದಷ್ಟು ಹರಿತ್ತನ್ನೂ ತೆಗೆಯಬಹುದು. ಆದರೆ ಆ ಹೆಕ್ಸೇನ್ ಭಾಗವನ್ನು ಚೆಲ್ಲಬೇಡಿ, ಅದನ್ನೂ ಪರೀಕ್ಷಿಸಿ. ಗಿಡದ ಹೂವು ಸಹಿತ ಮಾದರಿಯೊಂದನ್ನು ಹರ್ಬೇರಿಯಂಗೆ ಕೊಟ್ಟು ಸಂಖ್ಯೆ ಪಡೆಯಿರಿ. ಗಿಡದ ಗುರುತೇ ತಪ್ಪಿದ್ದರೆ ಮುಂದಿನದೆಲ್ಲ ವ್ಯರ್ಥ.

ಶೋಧಕದ ವಿಷಯದಲ್ಲಿ ಒಂದು ಎಚ್ಚರ. ಡಿಎಂಎಸ್‌ಒದಲ್ಲಿ ಕರಗಿಸಿದ ಸಾರವನ್ನು ಸೆಲ್ಯುಲೋಸ್ ಎಸ್ಟರ್ ಪೊರೆಯ ಸಿರಿಂಜ್ ಫಿಲ್ಟರ್‌ನಲ್ಲಿ ಹಾಯಿಸಿದರೆ ಪೊರೆಯೇ ಕರಗುತ್ತದೆ. ಪಿಟಿಎಫ್‌ಇ ಅಥವಾ ನೈಲಾನ್ ಪೊರೆ ಬೇಕು. ಇನ್ನು ಮಂದ ಸಾರ ಹಾಯಿಸಿದಾಗ ಒಂದಷ್ಟು ಪೊರೆಯ ಮೇಲೇ ಉಳಿಯುತ್ತದೆ, ಬಾಟಲಿಯ ಮೇಲೆ 100 ಮಿ.ಗ್ರಾಂ. ಎಂದು ಬರೆದಿದ್ದರೂ ಒಳಗೆ ಅಷ್ಟಿರುವುದಿಲ್ಲ. ಅಪ್ಪಟ ಡಿಎಂಎಸ್‌ಒದಲ್ಲಿ ಸಾಮಾನ್ಯ ಬ್ಯಾಕ್ಟೀರಿಯಾ ಬದುಕುವುದು ಕಷ್ಟ. ಆದ್ದರಿಂದ ಶುಚಿಯಾಗಿ ತಯಾರಿಸಿ, 100 ಮೈಕ್ರೊಲೀಟರ್ ತೆಗೆದು ನ್ಯೂಟ್ರಿಯೆಂಟ್ ಅಗರ್ ಮೇಲೆ ಹರಡಿ, ಏನೂ ಬೆಳೆಯದಿದ್ದರೆ ಶೋಧಿಸದೆಯೇ ಬಳಸುವುದು ಎಷ್ಟೋ ಸಲ ಮೇಲು. ಆಟೋಕ್ಲೇವ್ ಮಾತ್ರ ಬೇಡ.

ಈಗ ಎಂಐಸಿ. 51.2 ಮಿ.ಗ್ರಾಂ. ಒಣ ಸಾರ ತೂಗಿ 0.5 ಮಿ.ಲೀ. ಡಿಎಂಎಸ್‌ಒದಲ್ಲಿ ಕರಗಿಸಿ. ಮಿಲಿಲೀಟರಿಗೆ 102.4 ಮಿ.ಗ್ರಾಂ. ಆಯಿತು. ಇದರ 40 ಮೈಕ್ರೊಲೀಟರನ್ನು 1960 ಮೈಕ್ರೊಲೀಟರ್ ಕ್ಯಾಟಯಾನ್ (ಕ್ಯಾಲ್ಸಿಯಂ, ಮೆಗ್ನೀಸಿಯಂ) ಹೊಂದಿಸಿದ ಮುಲ್ಲರ್ ಹಿಂಟನ್ ಬ್ರಾತ್‌ಗೆ, ಬ್ರಾತನ್ನು ಕಲಕುತ್ತಾ ನಿಧಾನವಾಗಿ ಸೇರಿಸಿ. ಈಗ ಮಿಲಿಲೀಟರಿಗೆ 2048 ಮೈಕ್ರೊಗ್ರಾಂ ಸಾರ, ಶೇ 2 ಡಿಎಂಎಸ್‌ಒ. ಇಲ್ಲಿ ನಿಂತು ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ. ಹಾಲಿನಂತೆ ಕದಡಿದರೆ ಅಥವಾ ಚೂರುಗಳು ತೇಲಿದರೆ ಸಾರ ಕರಗಿಲ್ಲ. ಹಾಗೆಯೇ ಮುಂದುವರಿದರೆ ಪೈಪೆಟ್ ಒಂದು ಸಲ ಚೂರು ಎತ್ತುತ್ತದೆ, ಇನ್ನೊಂದು ಸಲ ಬರೀ ನೀರು. ಅಂಥ ಸಾರಕ್ಕೆ ಅರ್ಧ ಸಾಂದ್ರತೆಯಿಂದ ಆರಂಭಿಸುವುದೇ ಪ್ರಾಮಾಣಿಕ ದಾರಿ.

96 ವೆಲ್‌ನ ತಟ್ಟೆಯ ಒಂದು ಸಾಲಿನಲ್ಲಿ 2ರಿಂದ 12ನೇ ವೆಲ್‌ವರೆಗೆ 100 ಮೈಕ್ರೊಲೀಟರ್ ಬ್ರಾತ್ ಹಾಕಿ. 1ನೇ ವೆಲ್‌ಗೆ 200 ಮೈಕ್ರೊಲೀಟರ್ ಸಾರದ ಬ್ರಾತ್. ಅಲ್ಲಿಂದ 100 ತೆಗೆದು 2ಕ್ಕೆ, ಕಲಕಿ ಅಲ್ಲಿಂದ 100 ತೆಗೆದು 3ಕ್ಕೆ, ಹೀಗೆ 10ರವರೆಗೆ ಹೋಗಿ, ಕೊನೆಯ 100 ಚೆಲ್ಲಿ. ಪ್ರತಿ ಸಲ ಪೈಪೆಟ್‌ನ ತುದಿ ಬದಲಿಸಿ. ಹಳೆ ತುದಿಗೆ ಅಂಟಿದ ಸಾರ ಕೆಳಗಿನ ವೆಲ್‌ಗಳಿಗೆ ಸಾಗಿದರೆ ಎಂಐಸಿ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಮ್ಯಾಕ್‌ಫರ್ಲ್ಯಾಂಡ್‌ಗೆ ಹೊಂದಿಸಿದ ಬ್ಯಾಕ್ಟೀರಿಯಾವನ್ನು ಬ್ರಾತ್‌ನಲ್ಲಿ ನೂರು ಪಟ್ಟು ತೆಳು ಮಾಡಿದರೆ ಮಿಲಿಲೀಟರಿಗೆ 10 ಲಕ್ಷ. ಅದನ್ನು 1ರಿಂದ 11ರವರೆಗೆ 100 ಮೈಕ್ರೊಲೀಟರ್‌ನಂತೆ ಹಾಕಿ. ಈಗ ಪ್ರತಿ ವೆಲ್‌ನಲ್ಲಿ ಮಿಲಿಲೀಟರಿಗೆ 5 ಲಕ್ಷ ಜೀವಕೋಶ, ಸಾರ 1024ರಿಂದ 2 ಮೈಕ್ರೊಗ್ರಾಂವರೆಗೆ, ಡಿಎಂಎಸ್‌ಒ ಅತಿ ಹೆಚ್ಚೆಂದರೆ ಶೇ 1. 11ನೆಯದು ಬೆಳವಣಿಗೆಯ ಕಂಟ್ರೋಲ್, ಅಂದರೆ ಹೋಲಿಕೆಗೆ ಇಟ್ಟ ಸಾರವಿಲ್ಲದ ವೆಲ್. 12ಕ್ಕೆ ಬ್ಯಾಕ್ಟೀರಿಯಾ ಬದಲು ಬರೀ ಬ್ರಾತ್. ಅದು ತಿಳಿಯಾಗಿಯೇ ಉಳಿಯಬೇಕು. 35 ಡಿಗ್ರಿಯಲ್ಲಿ 16ರಿಂದ 20 ಗಂಟೆ. ತಟ್ಟೆಗಳನ್ನು ನಾಲ್ಕಕ್ಕಿಂತ ಹೆಚ್ಚು ಪೇರಿಸಬೇಡಿ, ತೇವದ ಡಬ್ಬಿಯಲ್ಲಿಡಿ. ಅಂಚಿನ ವೆಲ್‌ಗಳು ಬೇಗ ಆರುತ್ತವೆ.

ಈ ಸಾಲಿನ ಜೊತೆಗೆ ಇನ್ನೂ ಮೂರು ಸಾಲು ಬೇಕು, ಮತ್ತು ಬಹಳಷ್ಟು ಕೆಲಸಗಳು ಕೆಡುವುದು ಇವುಗಳನ್ನು ಬಿಟ್ಟಿದ್ದರಿಂದಲೇ. ಒಂದು, ಸಾರವಿಲ್ಲದ ಬರೀ ಡಿಎಂಎಸ್‌ಒವನ್ನು ಅದೇ ರೀತಿ ತೆಳು ಮಾಡಿದ ಸಾಲು. ಎರಡು, ಎಂಐಸಿ ಗೊತ್ತಿರುವ ಆ್ಯಂಟಿಬಯೋಟಿಕ್; ಜೆಂಟಾಮೈಸಿನ್ ಆದರೆ ಇ. ಕೋಲಿ ಎಟಿಸಿಸಿ 25922ಕ್ಕೆ ಮಿಲಿಲೀಟರಿಗೆ 0.25ರಿಂದ 1 ಮೈಕ್ರೊಗ್ರಾಂ ಒಳಗೆ ಬರಬೇಕು. ಮೂರು, ಸಾರ ಮತ್ತು ಬ್ರಾತ್ ಮಾತ್ರ ಇರುವ, ಬ್ಯಾಕ್ಟೀರಿಯಾ ಇಲ್ಲದ ಸಾಲು.

ಈ ಮೂರನೆಯದು ಏಕೆಂದರೆ ಎಲೆಯ ಸಾರ ಹಸಿರು ಅಥವಾ ಕಂದು, ಕದಡಿಕೆ ಕಣ್ಣಿಗೆ ಕಾಣದು. ಅದಕ್ಕೇ ಕಾವಿನ ಅವಧಿ ಮುಗಿದಮೇಲೆ ಪ್ರತಿ ವೆಲ್‌ಗೆ ರೆಸಜುರಿನ್ ಎಂಬ ನೀಲಿ ಬಣ್ಣದ ಶೇ 0.015ರ ದ್ರಾವಣ 30 ಮೈಕ್ರೊಲೀಟರ್ ಹಾಕಿ ಒಂದರಿಂದ ಎರಡು ಗಂಟೆ ಕಾಯುತ್ತಾರೆ. ಜೀವವಿದ್ದ ಕಡೆ ನೀಲಿ ಬಣ್ಣ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ನೀಲಿಯಾಗಿಯೇ ಉಳಿದ ಕೊನೆಯ ವೆಲ್ ಎಂಐಸಿ. ಚೆಂದದ ವಿಧಾನ, ಆದರೆ ಸಸ್ಯಸಾರದಲ್ಲಿರುವ ಅಪಕರ್ಷಕ ಫೀನಾಲ್‌ಗಳು ಬ್ಯಾಕ್ಟೀರಿಯಾ ಇಲ್ಲದೆಯೂ ಬಣ್ಣ ಬದಲಿಸಬಲ್ಲವು. ಬರೀ ಸಾರದ ಸಾಲು ಗುಲಾಬಿಯಾದರೆ ಬಣ್ಣವನ್ನು ನಂಬಬೇಡಿ. ಪ್ರತಿ ವೆಲ್‌ನಿಂದ 10 ಮೈಕ್ರೊಲೀಟರ್ ತೆಗೆದು ಅಗರ್ ಮೇಲೆ ಚುಕ್ಕೆ ಇಡಿ. ಹೇಗೂ ಕೊಲ್ಲುವ ಸಾಂದ್ರತೆ, ಅಂದರೆ ಎಂಬಿಸಿ, ನೋಡಲು ಇದು ಬೇಕೇ ಬೇಕು. ಮಿಲಿಲೀಟರಿಗೆ 5 ಲಕ್ಷದಿಂದ ಶುರುವಾದದ್ದರ 10 ಮೈಕ್ರೊಲೀಟರ್‌ನಲ್ಲಿ 5000 ಜೀವಕೋಶ ಇದ್ದವು, ಶೇ 99.9 ಸಾಯಬೇಕೆಂದರೆ 5ಕ್ಕಿಂತ ಹೆಚ್ಚು ಕಾಲೊನಿ ಬರಬಾರದು. ಎಂಬಿಸಿಯು ಎಂಐಸಿಯ ನಾಲ್ಕು ಪಟ್ಟಿನೊಳಗಿದ್ದರೆ ಸಾರ ಕೊಲ್ಲುತ್ತದೆ ಎನ್ನಬಹುದು, ಅದಕ್ಕಿಂತ ಮೇಲಿದ್ದರೆ ಬರೀ ತಡೆಯುತ್ತದೆ.

ಎಂಐಸಿ ಬಂದಮೇಲೆ ಅದನ್ನು ಓದುವುದು ಹೇಗೆ? ಕಚ್ಚಾ ಸಾರಕ್ಕೆ ಮಿಲಿಲೀಟರಿಗೆ 100 ಮೈಕ್ರೊಗ್ರಾಂಗಿಂತ ಕಡಿಮೆ ಬಂದರೆ ಈ ಕ್ಷೇತ್ರದವರು ಕಿವಿ ನಿಮಿರಿಸುತ್ತಾರೆ. 1000 ದಾಟಿದರೆ ಮುಂದುವರಿಯಲು ಕಾರಣ ಕಡಿಮೆ. ಮಿಲಿಲೀಟರಿಗೆ 25 ಮಿ.ಗ್ರಾಂ., 50 ಮಿ.ಗ್ರಾಂ. ಎಂದು ಎಂಐಸಿ ಕೊಟ್ಟು ‘ಪ್ರಬಲ ಚಟುವಟಿಕೆ’ ಎನ್ನುವ ಪ್ರಬಂಧಗಳು ಬೇಕಾದಷ್ಟಿವೆ. ಅಷ್ಟು ಮಂದ ದ್ರಾವಣದಲ್ಲಿ ಬ್ಯಾಕ್ಟೀರಿಯಾಕ್ಕೆ ತೊಂದರೆ ಕೊಡಲು ಉಪ್ಪಿನಂಶ, ಆಮ್ಲತೆ, ಜಿಗುಟು ಇವೇ ಸಾಕು. ಆದ್ದರಿಂದ ಅತಿ ಹೆಚ್ಚಿನ ಸಾಂದ್ರತೆಯ ವೆಲ್‌ನ ಪಿಎಚ್ ನೋಡಿ. 7.3ರ ಬ್ರಾತ್ ಸಾರ ಸೇರಿದಮೇಲೆ 5ಕ್ಕೆ ಇಳಿದಿದ್ದರೆ ನೀವು ಅಳೆದದ್ದು ಹುಳಿಯನ್ನು. ಹಣ್ಣು, ಕಾಯಿಗಳ ಸಾರದಲ್ಲಿ ಇದು ಹೆಚ್ಚು. ಟ್ಯಾನಿನ್, ಕ್ಯಾಟಚಿನ್ ಹೆಚ್ಚಿರುವ ಸಾರಗಳು, ದಾಳಿಂಬೆ ಸಿಪ್ಪೆಯಂಥವು, ಬ್ರಾತ್‌ನ ಆಮ್ಲಜನಕದೊಂದಿಗೆ ಸೇರಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸಬಲ್ಲವು. ಕ್ಯಾಟಲೇಸ್ ಕಿಣ್ವ ಸೇರಿಸಿದ ಇನ್ನೊಂದು ಸಾಲಿನಲ್ಲಿ ಚಟುವಟಿಕೆ ಮಾಯವಾದರೆ ಕೊಂದದ್ದು ಪೆರಾಕ್ಸೈಡ್.

ಇ. ಕೋಲಿ ಮೇಲೆ ಏನೂ ಬರದಿದ್ದುದು ನಿಮ್ಮ ತಪ್ಪಲ್ಲ. ಅದರಂಥ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಕ್ಕೆ ಲಿಪೊಪಾಲಿಸ್ಯಾಕರೈಡ್ ಹೊದ್ದ ಹೊರಪೊರೆ ಇದೆ, ಎಣ್ಣೆಯಂಥ ಅಣುಗಳು ಅದನ್ನು ದಾಟುವುದು ಕಷ್ಟ. ದಾಟಿದ್ದನ್ನೂ ಎಫ್ಲಕ್ಸ್ ಪಂಪುಗಳು ಹೊರಹಾಕುತ್ತವೆ. ಸ್ಯೂಡೊಮೊನಾಸ್ ಇದರಲ್ಲಿ ಇನ್ನೂ ಗಟ್ಟಿ. ಆದರೆ ವೆಲ್‌ನಲ್ಲಿ ಬರಲಿಲ್ಲವೆಂದು ಬ್ರಾತ್‌ನಲ್ಲಿ ಮಾಡದೆ ಬಿಡಬೇಡಿ. ಅಗರ್‌ನಲ್ಲಿ ಹರಡದ ಸಾರ ಬ್ರಾತ್‌ನಲ್ಲಿ ಕೆಲಸ ಮಾಡಬಹುದು. ‘ಚಟುವಟಿಕೆ ಇಲ್ಲ’ ಎನ್ನುವ ಬದಲು ‘1024ಕ್ಕಿಂತ ಹೆಚ್ಚು’ ಎಂದು ಬರೆಯಿರಿ.

ಶಿಲೀಂಧ್ರಕ್ಕೆ ಬರೋಣ. ಕ್ಯಾಂಡಿಡಾ ಯೀಸ್ಟ್, ಆಸ್ಪರ್ಜಿಲಸ್ ತಂತು ಶಿಲೀಂಧ್ರ. ಎರಡಕ್ಕೂ ಒಂದೇ ವಿಧಾನ ಹೊಂದದು. ಕ್ಯಾಂಡಿಡಾ ಬರಿಯ ಮುಲ್ಲರ್ ಹಿಂಟನ್ ಅಗರ್‌ನಲ್ಲಿ ಸೊರಗಿ ಬೆಳೆಯುತ್ತದೆ, ಅಂಚು ಮಸುಕಾಗುತ್ತದೆ. ಅಗರ್‌ಗೆ ಶೇ 2 ಗ್ಲೂಕೋಸ್, ಮಿಲಿಲೀಟರಿಗೆ 0.5 ಮೈಕ್ರೊಗ್ರಾಂ ಮಿಥಿಲೀನ್ ಬ್ಲೂ ಸೇರಿಸಿದರೆ ಅಂಚು ತೀಕ್ಷ್ಣವಾಗುತ್ತದೆ. ಎಂಐಸಿಗೆ ಎಂಒಪಿಎಸ್ ಬಫರ್‌ನಿಂದ ಪಿಎಚ್ 7.0ಕ್ಕೆ ಹಿಡಿದಿಟ್ಟ ಆರ್‌ಪಿಎಂಐ 1640 ಮಾಧ್ಯಮ ಬಳಸಿ. ಬ್ಯಾಕ್ಟೀರಿಯಾದ 5 ಲಕ್ಷದ ಅಭ್ಯಾಸವನ್ನು ಇಲ್ಲಿಗೆ ತರಬೇಡಿ. ಕ್ಯಾಂಡಿಡಾಗೆ ವೆಲ್‌ನಲ್ಲಿ ಇರಬೇಕಾದದ್ದು ಮಿಲಿಲೀಟರಿಗೆ 500ರಿಂದ 2500 ಜೀವಕೋಶ ಮಾತ್ರ.

ಆಸ್ಪರ್ಜಿಲಸ್‌ಗೆ ನಿಮ್ಮ ಸಾರ ಕೈತುಂಬ ಇದ್ದರೆ ಅಗರ್‌ನಲ್ಲೇ ಸಾರ ಬೆರೆಸುವ ವಿಧಾನ ಸುಲಭ. ಆಲೂಗಡ್ಡೆ ಡೆಕ್ಸ್‌ಟ್ರೋಸ್ ಅಗರ್ 45ರಿಂದ 50 ಡಿಗ್ರಿಗೆ ತಣಿದಾಗ 19.8 ಮಿ.ಲೀ. ಅಗರ್‌ಗೆ ನಿಮ್ಮ 100 ಮಿ.ಗ್ರಾಂ.ನ ದ್ರಾವಣ 0.2 ಮಿ.ಲೀ. ಸೇರಿಸಿ: ಮಿಲಿಲೀಟರಿಗೆ 1 ಮಿ.ಗ್ರಾಂ. ಸಾರ, ಶೇ 1 ಡಿಎಂಎಸ್‌ಒ. ಹಲವರು 19 ಮಿ.ಲೀ.ಗೆ 1 ಮಿ.ಲೀ. ಹಾಕುತ್ತಾರೆ. ಆಗ ಡಿಎಂಎಸ್‌ಒ ಶೇ 5 ಆಗಿ, ಶಿಲೀಂಧ್ರ ಅದರಿಂದಲೇ ಕುಂಠಿತವಾಗುತ್ತದೆ. ಎಳೆಯ ಕಾಲೊನಿಯ ಅಂಚಿನಿಂದ 5 ಮಿ.ಮೀ. ಬಿಲ್ಲೆ ಕೊರೆದು, ತಂತು ಇರುವ ಮೈ ಕೆಳಗಾಗಿ ನಡುವೆ ಇಟ್ಟು, ಡಿಎಂಎಸ್‌ಒ ಮಾತ್ರ ಬೆರೆಸಿದ ತಟ್ಟೆಯೊಂದಿಗೆ 25 ಡಿಗ್ರಿಯಲ್ಲಿ ಬೆಳೆಸಿ. ಕಂಟ್ರೋಲ್ ಕಾಲೊನಿ ತಟ್ಟೆಯ ಅಂಚು ಮುಟ್ಟುವ ಮೊದಲೇ ಎರಡು ಅಡ್ಡ ದಿಕ್ಕಿನಲ್ಲಿ ಅಳೆಯಿರಿ. ಬಿಲ್ಲೆಯ 5 ಮಿ.ಮೀ. ಕಳೆಯಲು ಮರೆಯಬೇಡಿ: ಕಂಟ್ರೋಲ್ 80, ಸಾರದ್ದು 50 ಬಂದರೆ 75 ಮತ್ತು 45ರ ಲೆಕ್ಕ, ಅಂದರೆ ಶೇ 40 ತಡೆ. ಕಳೆಯದಿದ್ದರೆ 37.5 ಬರುತ್ತದೆ. ಬೆಳೆಯದೇ ಉಳಿದ ಬಿಲ್ಲೆಯನ್ನು ಸಾರವಿಲ್ಲದ ಹೊಸ ತಟ್ಟೆಗೆ ಸಾಗಿಸಿ. ಮತ್ತೆ ಚಿಗುರಿದರೆ ಸಾರ ಕೊಂದಿಲ್ಲ, ಮಲಗಿಸಿತ್ತು ಅಷ್ಟೆ. ಬೀಜಕಗಳ ದ್ರಾವಣ ಮಾಡುವುದಾದರೆ ನೀರಿಗೆ ಶೇ 0.1 ಟ್ವೀನ್ 80 ಬೇಕು, ಇಲ್ಲವಾದರೆ ಬೀಜಕಗಳು ಒದ್ದೆಯಾಗದೆ ತೇಲುತ್ತವೆ. ಕದಡಿಕೆ ನಂಬದೆ ಹೀಮೊಸೈಟೊಮೀಟರ್‌ನಲ್ಲಿ ಎಣಿಸಿ. ಈ ಕೆಲಸವೆಲ್ಲ ಸುರಕ್ಷತಾ ಕ್ಯಾಬಿನೆಟ್ ಒಳಗೇ ಆಗಬೇಕು; ಆಸ್ಪರ್ಜಿಲಸ್ ಬೀಜಕ ಶ್ವಾಸಕೋಶಕ್ಕೆ ಹೋಗುವಷ್ಟು ಸಣ್ಣದು. ಬಳಸಿದ ತಟ್ಟೆಗಳನ್ನು 121 ಡಿಗ್ರಿಯಲ್ಲಿ ಕನಿಷ್ಠ 30 ನಿಮಿಷ ಆಟೋಕ್ಲೇವ್ ಮಾಡಿಯೇ ಎಸೆಯಿರಿ.

ಪುನರಾವರ್ತನೆ ಎಂದರೆ ಒಂದೇ ದಿನ ಒಂದೇ ಬ್ಯಾಕ್ಟೀರಿಯಾ ದ್ರಾವಣದಿಂದ ಮೂರು ವೆಲ್ ಅಲ್ಲ, ಅದು ಪೈಪೆಟ್‌ನ ಪರೀಕ್ಷೆ. ಬೇರೆ ಬೇರೆ ಮೂರು ದಿನ, ಹೊಸ ಬೆಳೆ, ಹೊಸದಾಗಿ ಕರಗಿಸಿದ ಸಾರ ಬೇಕು. ಎಂಐಸಿ ಎರಡರ ಘಾತಗಳಲ್ಲಿ ಬರುವುದರಿಂದ 128, 128, 256 ಬಂದರೆ ಸರಾಸರಿ 170.7 ಎಂದು ಬರೆಯುವುದು ಹಾಸ್ಯಾಸ್ಪದ. ಮಧ್ಯಾಂಕ 128, ವ್ಯಾಪ್ತಿ 128ರಿಂದ 256 ಎನ್ನಿ. ಒಂದು ಮೆಟ್ಟಿಲು ಅತ್ತಿತ್ತ ಆಗುವುದು ಈ ವಿಧಾನದ ಸಹಜ ದೋಷ.

ನಿಮ್ಮ ಹಳೆಯ ತಟ್ಟೆಗಳ 18 ಮತ್ತು 13ನ್ನು ಅಳಿಸಬೇಡಿ. ಸಾರವನ್ನು ತೂಕ ನಿಲ್ಲುವವರೆಗೆ ಒಣಗಿಸಿ, ವೆಲ್‌ಗೆ 50 ಮೈಕ್ರೊಲೀಟರ್‌ನಂತೆ ಮೂರು ದಿನ ಮತ್ತೆ ಮಾಡಿ. ಪ್ರತಿ ತಟ್ಟೆಯಲ್ಲೂ ಅಷ್ಟೇ ಡಿಎಂಎಸ್‌ಒ ತುಂಬಿದ ವೆಲ್ ಒಂದು ಇರಲಿ. ಅದರ ಸುತ್ತಲೂ ಝೋನ್ ಬಂದರೆ ಈ ಹಿಂದಿನ ಎರಡೂ ಅಂಕಿಗಳಲ್ಲಿ ದ್ರಾವಕದ ಪಾಲೂ ಇತ್ತು ಎಂಬ ಸುಳಿವು ಅಲ್ಲೇ ಸಿಗುತ್ತದೆ. ಪಟ್ಟಿಯಲ್ಲಿ ವೆಲ್‌ಗೆ ಹಾಕಿದ ಸಾರದ ಮಿ.ಗ್ರಾಂ., ವೆಲ್‌ನ ವ್ಯಾಸ, ಅಗರ್‌ನ ದಪ್ಪ ಮೂರನ್ನೂ ಕೊಡಿ, ಝೋನ್ ಅಳತೆಯಲ್ಲಿ ವೆಲ್‌ನ 6 ಮಿ.ಮೀ. ಸೇರಿದೆಯೋ ಇಲ್ಲವೋ ಹೇಳಿ. ಸಿಪ್ರೊಫ್ಲಾಕ್ಸಸಿನ್‌ನ 26 ಆ ಪಟ್ಟಿಯ ಕೆಳಗೆ ತಟ್ಟೆಯ ಗುಣಮಟ್ಟದ ಸಾಲಾಗಿ ಇರಲಿ.